ಕೇಳುಗರನ್ನು ಬರಹಗಾರರನ್ನಾಗಿಸಿದ ಭಂಡಾರಿ

ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿ ಗ್ರಾಮದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯವೊಂದಿದೆ. ಅದರ ಗೋಡೆಯ ಶಿಲಾಬಾಲಿಕೆಯರ ನಡುವೆ ಒಬ್ಬಳು ಶಾಸನ ಬರೆಯುತ್ತಾ ನಿಂತಿದ್ದಾಳೆ. ಜನ ಅವಳನ್ನು ಶಾಸನಸುಂದರಿ ಎಂದು ಕರೆಯುತ್ತಾರೆ. ಅವಳು ಬರೆಯುತ್ತಿರುವುದು 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಪದ್ಯ. ಕೈ ಅವಳದು, ಮಾತು ಆಸ್ಥಾನದ್ದು.

ಕೆಲವೇ ದಶಕಗಳ ನಂತರ, ಅದೇ ಸೀಮೆಯ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಮೂವತ್ತಕ್ಕೂ ಹೆಚ್ಚು ಮಹಿಳೆಯರು ತಮ್ಮದೇ ಮಾತನ್ನು ತಮ್ಮದೇ ಅಂಕಿತದಲ್ಲಿ ಹೇಳಿದ ಚಳವಳಿಯೊಂದು ಬೆಳೆಯಿತು. ಈ ಎರಡರ ನಡುವೆ ಬಸವಣ್ಣನವರ ಬದುಕು ಇದೆ. ಅವರನ್ನು ಸಮಾಜ ಸುಧಾರಕರೆಂದು, ಭಕ್ತಿ ಭಂಡಾರಿಯೆಂದು ಕೊಂಡಾಡುವ ನಾವು ಶಿಕ್ಷಕರೆಂದು ನೋಡಿದ್ದು ಕಡಿಮೆ. ಮಕ್ಕಳ ಕೈಗೆ ಮೊಬೈಲ್ ಬಂದು, ಅದರಿಂದ ಕಲಿಸುವುದು ಹೇಗೆಂಬ ಚರ್ಚೆ ಶಾಲೆಗಳಲ್ಲಿ ನಡೆದಿರುವಾಗ ಆ ದೃಷ್ಟಿಯಿಂದಲೂ ಅವರ ಜೀವನವನ್ನು ಓದಬೇಕಿದೆ.

ಬಾಗೇವಾಡಿಯ ಮಾದರಸ–ಮಾದಲಾಂಬಿಕೆಯರ ಮಗನಾಗಿ 12ನೇ ಶತಮಾನದ ಪೂರ್ವಾರ್ಧದಲ್ಲಿ ಜನಿಸಿದ ಬಸವಣ್ಣ, ಉಪನಯನದ ಕಟ್ಟುಪಾಡನ್ನು ಒಪ್ಪದೆ ಮನೆ ಬಿಟ್ಟು ಕೃಷ್ಣೆ–ಮಲಪ್ರಭೆಯರ ಕೂಡಲಸಂಗಮಕ್ಕೆ ಹೋದರೆಂಬುದು ಪ್ರಸಿದ್ಧ ಕಥನ. ಅವರು ತೊರೆದದ್ದು ಸಂಸ್ಕಾರದ ಅಧಿಕಾರವನ್ನೇ ಹೊರತು ವಿದ್ಯೆಯನ್ನಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಸಂಗಮದಲ್ಲಿ ಅವರು ಚೆನ್ನಾಗಿಯೇ ಓದಿದರು. ಮುಂದೆ ಮಂಗಳವಾಡದಲ್ಲಿ ಬಿಜ್ಜಳನ ಬಳಿ ಕರಣಿಕರಾಗಿ ಲೆಕ್ಕ ಬರೆದರು. ಬಿಜ್ಜಳ ಚಾಲುಕ್ಯರ ಸಿಂಹಾಸನವನ್ನು ವಶಪಡಿಸಿಕೊಂಡಾಗ ಭಂಡಾರಿಯಾಗಿ ಕಲ್ಯಾಣಕ್ಕೆ ಬಂದರು.

ಕಲ್ಯಾಣ ಅದಾಗಲೇ ವಿದ್ಯೆಯ ರಾಜಧಾನಿ. ವಿಜ್ಞಾನೇಶ್ವರ ಮಿತಾಕ್ಷರವನ್ನು ಬರೆದದ್ದು ಇಲ್ಲಿ. ಕಾಶ್ಮೀರದ ಬಿಲ್ಹಣ ಆಶ್ರಯ ಪಡೆದದ್ದು ಇಲ್ಲಿ. ಮೂರನೆಯ ಸೋಮೇಶ್ವರ ಅಡುಗೆಯಿಂದ ಆನೆ ಪಳಗಿಸುವವರೆಗಿನ ತಿಳಿವಳಿಕೆಯನ್ನು ಮಾನಸೋಲ್ಲಾಸದಲ್ಲಿ ಕೂಡಿಟ್ಟ. ಎಲ್ಲವೂ ಸಂಸ್ಕೃತದಲ್ಲಿ. ಅಡುಗೆಯ ವಿವರ ಗ್ರಂಥಕ್ಕೆ ಬಂದಿತ್ತು, ಅಡುಗೆ ಮಾಡುವವರಿಗೆ ಆ ಗ್ರಂಥವನ್ನು ಓದುವ ದಾರಿ ಇರಲಿಲ್ಲ.

ಬಸವಣ್ಣ ಕೈಹಾಕಿದ್ದು ಇಲ್ಲಿಗೆ. ವಚನ ಅವರು ಹುಟ್ಟಿಸಿದ ರೂಪವಲ್ಲ. ಜೇಡರ ದಾಸಿಮಯ್ಯ ಅವರಿಗಿಂತ ಮೊದಲೇ ವಚನ ಹೇಳಿದ್ದ. ಬಸವಣ್ಣ ಮಾಡಿದ್ದು ಆ ರೂಪವನ್ನು ಊರಿನ ಎಲ್ಲರ ಕೈಗೆ ಕೊಟ್ಟದ್ದು. ವಚನ ಚಿಕ್ಕದು. ಒಮ್ಮೆ ಕೇಳಿದರೆ ನಾಲಗೆಯ ಮೇಲೆ ನಿಲ್ಲುತ್ತದೆ, ಛಂದಸ್ಸಿನ ಪಾಠ ಬೇಡುವುದಿಲ್ಲ. ಅವರ ವಚನಗಳಲ್ಲಿ ಬರುವ ಹುತ್ತ, ಒಲೆ, ಕೊಂಬೆಯ ಮೇಲಿನ ಕೋತಿ ಎಲ್ಲವೂ ಕೇಳುವವರ ಅಂಗಳದಿಂದಲೇ ಬಂದವು. ಹೊಸ ವಿಷಯವನ್ನು ಕಲಿಯುವವರು ತಮಗೆ ಮೊದಲೇ ಗೊತ್ತಿರುವುದಕ್ಕೆ ಅದನ್ನು ಗಂಟುಹಾಕಿಕೊಂಡೇ ಕಲಿಯುತ್ತಾರೆಂದು ಇಂದಿನ ಕಲಿಕಾ ವಿಜ್ಞಾನ ಹೇಳುತ್ತದೆ. ಕಲಿತದ್ದನ್ನು ಮತ್ತೆ ಮತ್ತೆ ನೆನಪಿನಿಂದ ಹೊರತೆಗೆದರೆ, ಇನ್ನೊಬ್ಬರಿಗೆ ಬಿಡಿಸಿ ಹೇಳಿದರೆ ಅದು ಗಟ್ಟಿಯಾಗುತ್ತದೆ ಎಂಬುದೂ ಪ್ರಯೋಗಗಳಿಂದ ದೃಢಪಟ್ಟ ಸಂಗತಿ. ಶರಣರು ಆ ಶಾಸ್ತ್ರವನ್ನು ಬಲ್ಲವರೆಂದು ಹೇಳುವುದು ಅತಿಯಾದೀತು. ಆದರೆ ಅವರ ಗೋಷ್ಠಿ ನಡೆದದ್ದು ಹಾಗೆಯೇ: ಒಬ್ಬರು ಹೇಳುವುದು, ಇನ್ನೊಬ್ಬರು ಪ್ರಶ್ನಿಸುವುದು, ಹೇಳಿದವರು ಮತ್ತೆ ಉತ್ತರಿಸುವುದು.

ಅನುಭವ ಮಂಟಪ ಒಂದು ಕಟ್ಟಡವಾಗಿತ್ತೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಸಂವಾದದ ಬಗ್ಗೆ ಇಲ್ಲ. 15ನೇ ಶತಮಾನದಲ್ಲಿ ಸಿದ್ಧವಾದ ಶೂನ್ಯಸಂಪಾದನೆ ಇಡೀ ಚಳವಳಿಯನ್ನು ವಾಗ್ವಾದಗಳ ಸರಣಿಯಾಗಿಯೇ ಕಟ್ಟಿಕೊಡುತ್ತದೆ. ಅಲ್ಲಿ ರಾಜ್ಯದ ಭಂಡಾರಿ ಬಸವಣ್ಣನವರೇ ಅಲ್ಲಮಪ್ರಭುವಿನ ಪ್ರಶ್ನೆಗಳಿಗೆ ಗುರಿಯಾಗುತ್ತಾರೆ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡ ಮಾರಯ್ಯನನ್ನು ಲಕ್ಕಮ್ಮ ತಿದ್ದುತ್ತಾಳೆ. ಪಾಠ ಹೇಳುವವರು ಪ್ರಶ್ನೆಗೆ ಸಿಗುವ ತರಗತಿ ಇಂದಿಗೂ ಅಪರೂಪವೇ.

ಅಂಕಿತದ ವಿಷಯ ಇನ್ನೂ ಸ್ವಾರಸ್ಯಕರ. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮನದು ಗುಹೇಶ್ವರ, ಅಕ್ಕನದು ಚೆನ್ನಮಲ್ಲಿಕಾರ್ಜುನ. ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಪ್ರತಿಯೊಬ್ಬರೂ ತಮ್ಮ ಮಾತಿಗೆ ತಾವೇ ಹೊಣೆ. ಇಂದು ನಮ್ಮ ಮಕ್ಕಳ ಮೊಬೈಲಿಗೆ ಬರುವ ನೂರಾರು ಸಂದೇಶಗಳಲ್ಲಿ ಯಾರು ಹೇಳಿದ್ದೆಂಬ ಗುರುತಿರುವುದು ಎಷ್ಟರಲ್ಲಿ? ಡಿಜಿಟಲ್ ಕೌಶಲವೆಂದು ಬಹುಮಟ್ಟಿಗೆ ನಾವು ಕಲಿಸುವುದು ಗುಂಡಿ ಒತ್ತುವುದನ್ನು, ವಿಡಿಯೊ ನೋಡುವುದನ್ನು, ಬಂದದ್ದನ್ನು ಮುಂದಕ್ಕೆ ಕಳಿಸುವುದನ್ನು. ಉರ್ದು, ಮರಾಠಿ ಬೆರೆತ ತನ್ನ ಮನೆಯ ಕನ್ನಡದಲ್ಲಿ ಹುಮನಾಬಾದಿನ ಹುಡುಗಿಯೊಬ್ಬಳು ಒಂದು ನಿಮಿಷದ ಧ್ವನಿಮುದ್ರಿಕೆ ಮಾಡಿ, ಅದಕ್ಕೆ ಹೆಸರು ಹಾಕಿ, ಸಹಪಾಠಿಗಳ ಪ್ರಶ್ನೆಗೆ ಉತ್ತರಿಸುವಂತಾಗುವುದು ಬೇರೆಯೇ ಕಲಿಕೆ. ಅದು ಕೈಗೂಡದಿದ್ದರೆ ಆಕೆ ಜಲಸಂಗ್ವಿಯ ಬಾಲಿಕೆಯಂತೆ ಇನ್ನೊಬ್ಬರ ಮಾತನ್ನು ಸಾಗಿಸುವವಳಾಗಿಯೇ ಉಳಿಯುತ್ತಾಳೆ.

ಕಲಿತವರು ಕಲಿತಂತೆ ಬದುಕಲು ಹೊರಟಾಗ ಕಲ್ಯಾಣ ಅದನ್ನು ಸಹಿಸಲಿಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ನಡೆದ ಮದುವೆ ನಗರವನ್ನು ಎರಡು ಮಾಡಿತು. ಬೀಗರಿಬ್ಬರಿಗೂ ಮರಣದಂಡನೆಯಾಯಿತು. ಬಸವಣ್ಣ ಕಲ್ಯಾಣ ತೊರೆದು ಕೂಡಲಸಂಗಮಕ್ಕೆ ಮರಳಿದರು. ಬಿಜ್ಜಳನ ಕೊಲೆಯಾಯಿತು. 1167ರ ಸುಮಾರಿಗೆ ಬಸವಣ್ಣ ಸಂಗಮದಲ್ಲಿಯೇ ಐಕ್ಯರಾದರೆಂದು ಹೇಳಲಾಗುತ್ತದೆ. ಚೆನ್ನಬಸವಣ್ಣ, ಅಕ್ಕನಾಗಮ್ಮ ಮೊದಲಾದವರು ವಚನದ ಕಟ್ಟುಗಳೊಂದಿಗೆ ಉಳವಿಯತ್ತ ನಡೆದರು. ಬೆನ್ನಟ್ಟಿದ ಸೈನ್ಯಕ್ಕೆ ಮಡಿವಾಳ ಮಾಚಯ್ಯ ಅಡ್ಡ ನಿಂತನೆಂದು ಪರಂಪರೆ ನೆನೆಯುತ್ತದೆ. ಪ್ರಾಣದ ಜೊತೆಗೆ ಜನ ಉಳಿಸಿಕೊಂಡದ್ದು ತಾಳೆಗರಿಗಳನ್ನು.

ಆ ಗರಿಗಳು ಮಠ, ಮನೆಗಳ ಜಗಲಿಯಲ್ಲಿ ಶತಮಾನಗಳ ಕಾಲ ಕಾದವು. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಊರೂರು ಅಲೆದು ಅವುಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರ ಸಾರವನ್ನು ಹೊರತಂದರು, ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರು. 1993ರಲ್ಲಿ ರಾಜ್ಯ ಸರ್ಕಾರ 15 ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಪ್ರಕಟಿಸಿತು. ಕಳೆದ ದಶಕದಲ್ಲಿ ಕೆಲವು ಕನ್ನಡ ಉತ್ಸಾಹಿಗಳು ವಚನ ಸಂಚಯವೆಂಬ ಹೆಸರಿನಲ್ಲಿ ಅವನ್ನು ಪದಪದವಾಗಿ ಹುಡುಕುವಂತೆ ಅಂತರ್ಜಾಲಕ್ಕೆ ತಂದರು. ಬಸವಣ್ಣನವರ ಅಂಕಿತವನ್ನೇ ಬದಲಿಸಿದ ಸಂಕಲನವೊಂದನ್ನು ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ಎಂಟು ಶತಮಾನಗಳ ನಂತರವೂ ಒಂದು ಅಂಕಿತಕ್ಕೆ ಅಷ್ಟು ತೂಕ.

2021ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. ಅಲ್ಲಿ ಬಸವಣ್ಣನವರ ಸುಮಾರು 1,400 ವಚನಗಳಿಗೆ ಗೌರವದ ಸ್ಥಾನ ಸಿಗುವುದರಲ್ಲಿ ಅನುಮಾನವಿಲ್ಲ. ಅವರ ಕಾಲದಲ್ಲಿಯೇ ಮಾತು ಕಲಿತ ಸೂಳೆ ಸಂಕವ್ವೆಯದೆಂದು ನಮಗೆ ಉಳಿದು ಬಂದಿರುವುದು ಒಂದೇ ಒಂದು ವಚನ. ಅದರ ಕೊನೆಯಲ್ಲಿ ಆಕೆ ಹಾಕಿರುವ ಅಂಕಿತ ನಿರ್ಲಜ್ಜೇಶ್ವರ.