ಕಣ್ಣೀರು, ಜೊಲ್ಲುರಸ ಮತ್ತು ಫ್ಲೆಮಿಂಗ್

ಮಕ್ಕಳೇ, ಊಟ ಮಾಡುವಾಗ ನಾಲಿಗೆ ಕಚ್ಚಿಕೊಂಡಿದ್ದೀರಾ? ಬಾಯಿಯ ತುಂಬ ಬ್ಯಾಕ್ಟೀರಿಯಗಳಿದ್ದರೂ ಆ ಗಾಯ ಬೇಗನೆ ಮಾಯುತ್ತದೆ. ನಿಮ್ಮ ಜೊಲ್ಲುರಸದಲ್ಲಿ ಕಾವಲುಗಾರರಿದ್ದಾರೆ! ಅವರಲ್ಲಿ ಒಬ್ಬನನ್ನು ಪತ್ತೆ ಹಚ್ಚಿದವರು ಅಲೆಗ್ಸಾಂಡರ್ ಫ್ಲೆಮಿಂಗ್. ಹೌದು, ಪೆನಿಸಿಲಿನ್ ಕಂಡುಹಿಡಿದವರೇ.

ಫ್ಲೆಮಿಂಗ್ ಹುಟ್ಟಿದ್ದು 1881ರ ಆಗಸ್ಟ್ 6ರಂದು, ಸ್ಕಾಟ್ಲೆಂಡಿನ ಒಂದು ರೈತ ಕುಟುಂಬದಲ್ಲಿ. ಏಳು ವರ್ಷದವರಿದ್ದಾಗಲೇ ತಂದೆ ತೀರಿಕೊಂಡರು. ಮುಂದೆ ಲಂಡನ್ನಿಗೆ ಬಂದು ಹಡಗು ಕಂಪನಿಯೊಂದರಲ್ಲಿ ಗುಮಾಸ್ತರಾಗಿ ದುಡಿದರು. ಸಂಬಂಧಿಯೊಬ್ಬರ ಆಸ್ತಿಯಿಂದ ಸ್ವಲ್ಪ ಹಣ ಬಂದಿತು. ಅದರಿಂದ ವೈದ್ಯರಾದರು.

ಮೊದಲ ಮಹಾಯುದ್ಧದಲ್ಲಿ ಅವರು ಫ್ರಾನ್ಸಿನಲ್ಲಿ ಸೈನಿಕರ ಗಾಯಗಳನ್ನು ಪರೀಕ್ಷಿಸುತ್ತಿದ್ದರು. ಗುಂಡೇಟಿನಿಂದ ಬದುಕುಳಿದವರೂ ಗಾಯ ಕೀವಾಗಿ ಸಾಯುತ್ತಿದ್ದರು. ಗಾಯಕ್ಕೆ ಸುರಿಯುತ್ತಿದ್ದ ಔಷಧಿ ಆಳದಲ್ಲಿದ್ದ ರೋಗಾಣುಗಳನ್ನು ಮುಟ್ಟುತ್ತಿರಲಿಲ್ಲ. ಅವುಗಳೊಡನೆ ಹೋರಾಡುವ ಬಿಳಿ ರಕ್ತಕಣಗಳನ್ನೇ ಕೊಲ್ಲುತ್ತಿತ್ತು. ಫ್ಲೆಮಿಂಗ್ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಕೇಳಿದವರು ಕಡಿಮೆ. ದೇಹಕ್ಕೆ ಹಾನಿ ಮಾಡದೆ ರೋಗಾಣುಗಳನ್ನಷ್ಟೇ ಕೊಲ್ಲುವ ವಸ್ತು ಇದೆಯೇ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ.

1921ರಲ್ಲಿ ಅವರಿಗೆ ನೆಗಡಿಯಾಯಿತು. ತಮ್ಮ ಸಿಂಬಳವನ್ನೇ ಬ್ಯಾಕ್ಟೀರಿಯ ಬೆಳೆಸುವ ಗಾಜಿನ ತಟ್ಟೆಗೆ ಹಾಕಿದರು. (ಛೀ ಎನ್ನಬೇಡಿ!) ಕೆಲವು ದಿನಗಳಲ್ಲಿ ತಟ್ಟೆಯ ತುಂಬ ಹಳದಿ ಬ್ಯಾಕ್ಟೀರಿಯಗಳು ಬೆಳೆದಿದ್ದವು. ಆದರೆ ಸಿಂಬಳದ ಹತ್ತಿರ ಅವು ಕರಗಿಹೋಗಿದ್ದವು! ಕಣ್ಣೀರಿನಲ್ಲೂ ಆ ಗುಣವಿದೆಯೇ? ಪ್ರಯೋಗಾಲಯದವರ ಕಣ್ಣಿಗೆ ನಿಂಬೆರಸ ಹಿಂಡಿ ಕಣ್ಣೀರು ಸಂಗ್ರಹಿಸಿದರು. ಪಾಪ, ಎಷ್ಟು ಉರಿದಿರಬೇಕು! ಕಣ್ಣೀರು, ಜೊಲ್ಲುರಸ, ಮೊಟ್ಟೆಯ ಬಿಳಿಭಾಗ ಎಲ್ಲದರಲ್ಲೂ ಅದು ಸಿಕ್ಕಿತು. ಅದೊಂದು ಪ್ರೋಟೀನು. ಹೆಸರು ಲೈಸೋಜೈಮ್.

ಬ್ಯಾಕ್ಟೀರಿಯದ ಸುತ್ತ ಗಟ್ಟಿಯಾದ ಗೋಡೆ ಇರುತ್ತದೆ. ಲೈಸೋಜೈಮ್ ಅದನ್ನು ಕತ್ತರಿಸುತ್ತದೆ. ಸೈಕಲ್ಲಿನ ಟೈರು ಹರಿದರೆ ಒಳಗಿನ ಟ್ಯೂಬು ಉಬ್ಬಿ ಒಡೆಯುತ್ತದಲ್ಲವೇ? ಹಾಗೆಯೇ ನೀರು ಒಳನುಗ್ಗಿ ಬ್ಯಾಕ್ಟೀರಿಯ ಒಡೆಯುತ್ತದೆ.

ಆದರೆ ಮಾರಕ ರೋಗಾಣುಗಳು ಇದಕ್ಕೆ ಬಗ್ಗಲಿಲ್ಲ. ಉಳಿದ ವಿಜ್ಞಾನಿಗಳಿಗೂ ಇದು ಮುಖ್ಯವೆನಿಸಲಿಲ್ಲ. ಫ್ಲೆಮಿಂಗ್ ಕೆಲಸ ಬಿಡಲಿಲ್ಲ. 1928ರಲ್ಲಿ ಮತ್ತೊಂದು ತಟ್ಟೆಯಲ್ಲಿ, ಬೂಷ್ಟಿನ ಸುತ್ತ, ಬ್ಯಾಕ್ಟೀರಿಯಗಳು ಕರಗಿದ್ದನ್ನು ಕಂಡರು. ಇಂಥದ್ದನ್ನು ಮೊದಲೇ ನೋಡಿದ್ದ ಕಣ್ಣು ಅದು! ಪೆನಿಸಿಲಿನ್ ಸಿಕ್ಕಿದ್ದು ಹೀಗೆ. 1945ರಲ್ಲಿ ಫ್ಲೋರಿ ಮತ್ತು ಚೇನ್ ಅವರೊಡನೆ ನೊಬೆಲ್ ಬಹುಮಾನ ಬಂದಿತು. 1955ರ ಮಾರ್ಚ್ 11ರಂದು ಫ್ಲೆಮಿಂಗ್ ನಿಧನರಾದರು.

ಲೈಸೋಜೈಮ್ ಏನಾಯಿತು? ಕೆಲವರಿಗೆ ಜೊಲ್ಲುರಸ ಸಾಕಷ್ಟು ಬರುವುದಿಲ್ಲ. ಬಾಯಿ ಒಣಗಿ ಹಲ್ಲುಗಳು ಹುಳುಕಾಗುತ್ತವೆ. ಅಂಥವರಿಗಾಗಿ ಲೈಸೋಜೈಮ್ ಬೆರೆಸಿದ ಟೂತ್‌ಪೇಸ್ಟುಗಳು ಬಂದವು. ಗಂಟಲುನೋವಿಗೆ ಚೀಪುವ ಮಾತ್ರೆಗಳೂ ಇವೆ. ಇವುಗಳಿಗೆ ಬೇಕಾದ ಲೈಸೋಜೈಮ್ ದೊರೆಯುವುದು ಹೆಚ್ಚಾಗಿ ಕೋಳಿಮೊಟ್ಟೆಯ ಬಿಳಿಭಾಗದಿಂದ.