ಶಸ್ತ್ರವೈದ್ಯ ಜಾರ್ಜ್ ಕ್ರೈಲ್

ಒಬ್ಬರ ರಕ್ತವನ್ನು ಇನ್ನೊಬ್ಬರ ನಾಳಕ್ಕೆ ಹಾಯಿಸಿ ಪ್ರಾಣ ಉಳಿಸುವುದು ಇಂದು ನಮಗೆ ಸಾಮಾನ್ಯ ಸಂಗತಿ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅದೊಂದು ಸಾಹಸವಾಗಿತ್ತು. ಆ ಸಾಹಸಕ್ಕೆ ಕೈಹಾಕಿದವರಲ್ಲಿ ಅಮೆರಿಕದ ಶಸ್ತ್ರವೈದ್ಯ ಜಾರ್ಜ್ ಕ್ರೈಲ್ ಪ್ರಮುಖರು. ಆದರೆ ಅವರ ಜೀವನವನ್ನು ಓದುವಾಗ ನನ್ನ ಮನಸ್ಸನ್ನು ಹಿಡಿದುದು ಅವರು ರಕ್ತ ಕೊಟ್ಟ ಬಗೆಗಿಂತ ರಕ್ತ ಉಳಿಸಿದ ಬಗೆ.

ಕ್ರೈಲ್ 1864ರಲ್ಲಿ ಓಹಾಯೊ ಸಂಸ್ಥಾನದ ಚಿಲಿ ಎಂಬ ಹಳ್ಳಿಯಲ್ಲಿ ಒಕ್ಕಲು ಮನೆತನದಲ್ಲಿ ಜನಿಸಿದರು. ಶಾಲೆಯ ಮಕ್ಕಳಿಗೆ ಪಾಠ ಹೇಳಿ ತಮ್ಮ ಓದಿನ ಖರ್ಚನ್ನು ಸಂಪಾದಿಸಿಕೊಂಡರು. ಮನೆಯಲ್ಲಿ ಮೊದಲಿಗನಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನನಗೆ ಈ ಭಾಗ ದೂರದೇಶದ ಕಥೆಯೆನಿಸಲಿಲ್ಲ. 1887ರಲ್ಲಿ ಅವರು ವೈದ್ಯ ಪದವಿ ಪಡೆದರು. ಅದೇ ಕಾಲದಲ್ಲಿ ಅವರ ಸ್ನೇಹಿತನಾದ ವಿದ್ಯಾರ್ಥಿಯೊಬ್ಬ ಬೀದಿಯ ಟ್ರಾಮಿಗೆ ಸಿಕ್ಕಿ, ಎರಡು ಕಾಲುಗಳೂ ಜಜ್ಜಿಹೋಗಿ, ನಾಡಿ ಕುಸಿದು ತೀರಿಕೊಂಡ. ನಾಡಿ ಹೀಗೇಕೆ ಕುಸಿಯುತ್ತದೆ ಎಂಬ ಪ್ರಶ್ನೆ ಕ್ರೈಲರನ್ನು ಬಹುಕಾಲ ಕಾಡಿತು. 1899ರಲ್ಲಿ ಈ ವಿಷಯವಾಗಿಯೇ ಒಂದು ಗ್ರಂಥವನ್ನು ಪ್ರಕಟಿಸಿದರು.

1906ನೆಯ ಇಸವಿ ಅವರ ಜೀವನದ ಬಹುಮುಖ್ಯ ವರ್ಷ. ಆ ವರ್ಷ ಕ್ಲೀವ್‌ಲೆಂಡ್ ನಗರದ ಆಸ್ಪತ್ರೆಯೊಂದರಲ್ಲಿ ಒಬ್ಬ ರೋಗಿಗೆ ಅವನ ಸಹೋದರನ ರಕ್ತವನ್ನು ನೇರವಾಗಿ ಹಾಯಿಸಿದರು. ರಕ್ತ ಹೆಪ್ಪುಗಟ್ಟದಂತೆ ಶೀಸೆಯಲ್ಲಿಡುವ ಉಪಾಯ ಆಗ ಯಾರಿಗೂ ತಿಳಿದಿರಲಿಲ್ಲ. ಆದುದರಿಂದ ದಾನಿಯನ್ನು ರೋಗಿಯ ಪಕ್ಕದಲ್ಲಿಯೇ ಮಲಗಿಸಿ, ಅವನ ಮಣಿಕಟ್ಟಿನ ಅಪಧಮನಿಯನ್ನು ಬಿಡಿಸಿ, ಲೋಹದ ಪುಟ್ಟ ಕೊಳವೆಯ ಸಹಾಯದಿಂದ ರೋಗಿಯ ತೋಳಿನ ಅಭಿಧಮನಿಗೆ ಜೋಡಿಸಬೇಕಾಗಿತ್ತು. ಎಷ್ಟು ರಕ್ತ ಹರಿಯಿತೆಂದು ಅಳೆಯುವ ಸಾಧನವಿರಲಿಲ್ಲ. ರೋಗಿಯ ಮುಖಕ್ಕೆ ಕೆಂಪು ಬರುವುದನ್ನೂ ದಾನಿಯ ಮುಖ ಬಿಳಿಚುವುದನ್ನೂ ನೋಡಿಕೊಂಡೇ ನಿಲ್ಲಿಸಬೇಕು! ಲ್ಯಾಂಡ್‌ಸ್ಟೈನರ್ 1901ರಲ್ಲಿಯೇ ರಕ್ತದ ಗುಂಪುಗಳನ್ನು ಕಂಡುಹಿಡಿದಿದ್ದರೂ ಅವುಗಳನ್ನು ಹೊಂದಿಸಿ ನೋಡುವ ರೂಢಿ ಇನ್ನೂ ಬಂದಿರಲಿಲ್ಲ.

ಅದೇ ವರ್ಷ ಅವರ ಇನ್ನೊಂದು ಲೇಖನ ಹೊರಬಂದಿತು. ಬಾಯಿ, ನಾಲಗೆಗಳ ಕ್ಯಾನ್ಸರ್ ಕತ್ತಿನ ಗಂಟುಗಳಿಗೆ ಇಳಿಯುತ್ತದೆ. ಆ ಗಂಟುಗಳನ್ನು ಒಟ್ಟಾಗಿ ತೆಗೆಯುವ ಕ್ರಮವನ್ನು 132 ಶಸ್ತ್ರಕ್ರಿಯೆಗಳ ಅನುಭವದಿಂದ ಅಲ್ಲಿ ವಿವರಿಸಿದ್ದರು. ಎಲೆಯಡಿಕೆ, ಹೊಗೆಸೊಪ್ಪು ಜಗಿಯುವ ನಮ್ಮ ನಾಡಿಗೆ ಈ ರೋಗ ಹೊಸದಲ್ಲ. ಇಂದು ನಮ್ಮವರಿಗೆ ಮಾಡುವ ಕತ್ತಿನ ಶಸ್ತ್ರಕ್ರಿಯೆ, ಬಹಳ ಮಾರ್ಪಟ್ಟಿದ್ದರೂ, ಅಲ್ಲಿಂದಲೇ ಇಳಿದು ಬಂದದ್ದು. ಕತ್ತಿನಲ್ಲಿ ದೊಡ್ಡ ರಕ್ತನಾಳಗಳಿವೆ. ಕೈ ತಪ್ಪಿದರೆ ರಕ್ತ ಧಾರಾಕಾರವಾಗಿ ಹರಿಯುತ್ತದೆ. ಕ್ರೈಲರು ದೊಡ್ಡ ಅಪಧಮನಿಯನ್ನು ಮೃದುವಾದ ಚಿಮುಟದಿಂದ ತಾತ್ಕಾಲಿಕವಾಗಿ ಹಿಡಿದು, ಕೆಲಸ ಮುಗಿದ ಮೇಲೆ ಬಿಡುತ್ತಿದ್ದರು. ರಕ್ತ ಕೊಡುವುದನ್ನು ಬಲ್ಲವರೇ ಹನಿಯನ್ನೂ ಪೋಲು ಮಾಡದಿರಲು ಇಷ್ಟು ಶ್ರಮಪಟ್ಟರೆಂಬುದು ಗಮನಿಸತಕ್ಕ ವಿಷಯ.

ಇಂದಿನ ವೈದ್ಯರು ನಡೆಯುತ್ತಿರುವುದೂ ಇದೇ ದಾರಿಯಲ್ಲಿ. ಕ್ಯಾನ್ಸರ್ ರೋಗಿ ಶಸ್ತ್ರಕ್ರಿಯೆಗೆ ಬರುವಾಗಲೇ ಅನೇಕ ವೇಳೆ ರಕ್ತಹೀನನಾಗಿರುತ್ತಾನೆ. ಗೆಡ್ಡೆಯಿಂದ ರಕ್ತ ಒಸರುತ್ತಿರುತ್ತದೆ, ಊಟ ಸೇರುವುದಿಲ್ಲ. ರೋಗದ ಉರಿಯೂತದಿಂದಾಗಿ ದೇಹದಲ್ಲಿರುವ ಕಬ್ಬಿಣವೂ ಬಳಕೆಗೆ ಒದಗುವುದಿಲ್ಲ. ಕಬ್ಬಿಣದ ಕೊರತೆಯಿದ್ದರೆ ಮೊದಲೇ ಪರೀಕ್ಷಿಸಿ, ಕಾಲಾವಕಾಶ ಕಡಿಮೆಯಿದ್ದಾಗ ನಾಳದ ಮೂಲಕವೇ ಕಬ್ಬಿಣ ಕೊಡುತ್ತಾರೆ. ರೋಗಿ ಸ್ಥಿರನಾಗಿದ್ದರೆ, ಹಿಮೊಗ್ಲೋಬಿನ್ 100 ಮಿಲಿಲೀಟರ್ ರಕ್ತದಲ್ಲಿ 7 ಅಥವಾ 8 ಗ್ರಾಂಗಿಂತ ಕೆಳಗಿಳಿಯುವವರೆಗೆ ಪರರ ರಕ್ತ ಕೊಡಲು ಸಾಮಾನ್ಯವಾಗಿ ಅವಸರಪಡುವುದಿಲ್ಲ. ಇದನ್ನರಿಯದ ಬಂಧುಗಳು ರಕ್ತ ಏರಿಸದಿದ್ದರೆ ಅಸಡ್ಡೆಯೆಂದು ಕೋಪಿಸಿಕೊಳ್ಳುವುದನ್ನು ನಾನೇ ಕಂಡಿದ್ದೇನೆ.

ಕ್ರೈಲರ ಊಹೆಗಳೆಲ್ಲ ಫಲಿಸಲಿಲ್ಲ. ಗೆಡ್ಡೆಯನ್ನು ಎದುರಿಸಬಲ್ಲ ನಾಯಿಯ ರಕ್ತವನ್ನು ರೋಗಪೀಡಿತ ನಾಯಿಗೆ ಕೊಟ್ಟು ನೋಡಿ, ಆ ಪ್ರಯೋಗವನ್ನು 1908ರಲ್ಲಿ ಪ್ರಕಟಿಸಿದರು. ಆ ದಾರಿಯಿಂದ ಮನುಷ್ಯರ ಕ್ಯಾನ್ಸರಿಗೆ ಮದ್ದು ದೊರೆಯಲಿಲ್ಲ. ಮುಂದೆ ಜೀವವೆಂದರೆ ವಿದ್ಯುತ್ತಿನ ಆಟವೆಂದು ಸಾಧಿಸಹೊರಟದ್ದನ್ನೂ ಶಾಸ್ತ್ರಜ್ಞರು ಒಪ್ಪಲಿಲ್ಲ.

ಮೊದಲನೆಯ ಮಹಾಯುದ್ಧದಲ್ಲಿ ಅವರು ಫ್ರಾನ್ಸಿನಲ್ಲಿ ಗಾಯಾಳುಗಳ ಸೇವೆ ಮಾಡಿದರು. 1921ರಲ್ಲಿ ಮೂವರು ಮಿತ್ರರೊಡನೆ ಕ್ಲೀವ್‌ಲೆಂಡ್ ಕ್ಲಿನಿಕ್ಕನ್ನು ಸ್ಥಾಪಿಸಿದರು. 1929ರಲ್ಲಿ ಅಲ್ಲಿ ಎಕ್ಸ್‌ರೇ ಫಿಲ್ಮುಗಳಿಗೆ ಬೆಂಕಿ ಹತ್ತಿ, ವಿಷಾನಿಲದಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಆ ಮಿತ್ರರಲ್ಲೊಬ್ಬರೂ ಅದಕ್ಕೆ ಬಲಿಯಾದರು. ಅರವತ್ತು ದಾಟಿದ್ದ ಕ್ರೈಲರು ಸಂಸ್ಥೆಯನ್ನು ಮತ್ತೆ ಎತ್ತಿ ನಿಲ್ಲಿಸಿದರು. 1943ರ ಜನವರಿಯಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಸೋಡಿಯಂ ಸಿಟ್ರೇಟ್ ಬೆರೆಸಿ ರಕ್ತವನ್ನು ಶೀಸೆಗಳಲ್ಲಿ ತಣ್ಣಗಿಡುವ ರಕ್ತನಿಧಿಗಳು ಬಂದಿದ್ದವು. ಅವರ ಲೋಹದ ಕೊಳವೆಯನ್ನು ಆಗ ಯಾರೂ ಬಳಸುತ್ತಿರಲಿಲ್ಲ.