ಟೇಲರ್ ಸಾಹೇಬರು ಮತ್ತು ಮೋರೇರ ಮನೆಗಳು

ಮೆಡೋಸ್ ಟೇಲರ್ ಎಂದೊಡನೆ ನಮ್ಮ ಸೀಮೆಯವರಿಗೆ ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೆನಪಾಗುತ್ತದೆ. ಅವರು ಹೊಲಗಳಲ್ಲಿ ಅಗೆಸಿ ನೋಡಿದ ಗೋರಿಗಳ ಮಾತನ್ನು ಎತ್ತುವವರು ಕಡಮೆ. ನಾನು ಹೇಳಹೊರಟಿರುವುದು ಮುಖ್ಯವಾಗಿ ಅದನ್ನೇ.

ಫಿಲಿಪ್ ಮೆಡೋಸ್ ಟೇಲರ್ ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲಿನಲ್ಲಿ. 1824ರಲ್ಲಿ, ಇನ್ನೂ 15ರ ಹುಡುಗನಾಗಿದ್ದಾಗ, ಮುಂಬಯಿಯ ವರ್ತಕನೊಬ್ಬನ ಬಳಿ ಕೆಲಸಕ್ಕೆಂದು ಬಂದರು. ಬಂದು ನೋಡಿದರೆ ಆ ವ್ಯಾಪಾರವೇ ಮುಳುಗುವಂತಿತ್ತು. ಕೊನೆಗೆ ನಿಜಾಮರ ಸೈನ್ಯದಲ್ಲಿ ಕೆಲಸ ದೊರೆಯಿತು. ಕಾಲೇಜಿನ ಮೆಟ್ಟಿಲು ಹತ್ತದ ಅವರು ಇಲ್ಲಿನ ಭಾಷೆ, ಭೂಮಾಪನ, ಕಾನೂನುಗಳನ್ನು ತಾವೇ ಕಲಿತುಕೊಂಡರು. ನಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲಿಗ ನಾನು. ಅದಕ್ಕೇ ಏನೋ, ಈ ಸಂಗತಿ ನನ್ನ ಮನಸ್ಸನ್ನು ಹಿಡಿಯಿತು. 1839ರಲ್ಲಿ ಪ್ರಕಟವಾದ ಥಗ್ಗರ ಕಾದಂಬರಿ ಅವರಿಗೆ ಇಂಗ್ಲೆಂಡಿನಲ್ಲಿ ಹೆಸರು ತಂದಿತು.

1841ರಲ್ಲಿ ಅವರು ಸುರಪುರಕ್ಕೆ ಬಂದರು. ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ಆಡಳಿತವನ್ನು 1853ರವರೆಗೆ ನೋಡಿಕೊಂಡರು. ಆ ದಿನಗಳಲ್ಲೇ ರಾಜನಕೋಳೂರಿನ ಕಲ್ಲುಚಪ್ಪಡಿಯ ಗೂಡುಗಳೂ ಜೇವರ್ಗಿಯ ಕಲ್ಲುಸುತ್ತುಗಳೂ ಅವರ ಕಣ್ಣಿಗೆ ಬಿದ್ದವು. ಅವು ಮೋರೇರು ಎಂಬ ಗೇಣುದ್ದದ ಕುಳ್ಳರ ಮನೆಗಳೆಂದು ಜನ ನಂಬಿದ್ದರು. ನಮ್ಮ ಅಜ್ಜಿಯೂ ಹಾಗೆಯೇ ಹೇಳುತ್ತಿದ್ದಳು. ಇಂಥ ಕಲ್ಲುಗಳನ್ನು ಕಂಡರೆ ನಿಧಿಯ ಆಸೆಗೆ ಅಗೆಯುವವರುಂಟು, ಉಳುಮೆಗೆ ಅಡ್ಡಿಯೆಂದು ಕಿತ್ತೊಗೆಯುವವರೂ ಉಂಟು. ಟೇಲರರು ಮಾಡಿದ್ದು ಬೇರೆ. ಮೇಲಿನ ಕಲ್ಲುರಾಶಿಯಿಂದ ತಳದ ಪೆಟ್ಟಿಗೆಯವರೆಗೆ ಒಂದೊಂದು ಪದರದಲ್ಲಿ ಏನೇನು ದೊರೆಯಿತೆಂಬುದನ್ನು ಬರೆದಿಟ್ಟರು. ಗುಂಡಿಯನ್ನು ಸೀಳಿ ತೋರಿಸುವಂತೆ ನಕ್ಷೆ ಬರೆದರು. ಜೇವರ್ಗಿಯಲ್ಲಿ ಕೆಲವು ಅಸ್ಥಿಪಂಜರಗಳ ತಲೆ ಮುಂಡದಿಂದ ಬೇರೆಯಾಗಿ ಬಿದ್ದಿದ್ದವು. ಎಲುಬುಗಳನ್ನು ಎತ್ತಿಹಾಕಿ ಮಡಕೆಗಳನ್ನಷ್ಟೇ ಒಯ್ದಿದ್ದರೆ ಆ ವಿಷಯ ಯಾರಿಗೂ ತಿಳಿಯುತ್ತಿರಲಿಲ್ಲ.

ಅದು ನರಬಲಿಯೆಂದು ಅವರು ಊಹಿಸಿದರು. ಯುರೋಪಿನಲ್ಲಿಯೂ ಇಂಥ ಗೋರಿಗಳಿರುವುದರಿಂದ ಇವನ್ನು ಕಟ್ಟಿದವರು ಸಿಥಿಯನ್ನರ ಕಡೆಯವರೆಂದೂ ಬಗೆದರು. ಈ ಮಾತನ್ನು ಇಂದು ಯಾರೂ ಒಪ್ಪುವುದಿಲ್ಲ. ಇವು ನಮ್ಮ ನೆಲದ ಕಬ್ಬಿಣಯುಗದ ಜನರ ಗೋರಿಗಳು. ಊಹೆ ಬಿದ್ದುಹೋದರೂ ನಕ್ಷೆ ನಿಂತಿತು. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆಸಿದ ಮಾರ್ಟಿಮರ್ ವೀಲರ್ ಟೇಲರರ ನಕ್ಷೆಗಳನ್ನು ಮೆಚ್ಚಿ ಬರೆದಿದ್ದಾರೆ.

ಅವರನ್ನು ಅಪ್ಪಾ ಎಂದು ಕರೆಯುತ್ತಿದ್ದ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಸೆರೆಸಿಕ್ಕ. ಸೆರೆಯಲ್ಲಿ ಟೇಲರರು ಅವನನ್ನು ಹೋಗಿ ಕಂಡರು. ಬಿಡಿಸುವುದು ಅವರ ಕೈಯಲ್ಲಿರಲಿಲ್ಲ. ಆ ವರ್ಷವೇ ರಾಜ ಗುಂಡೇಟಿನಿಂದ ಸತ್ತ.

1875ರಲ್ಲಿ ಟೇಲರರು ಮತ್ತೊಮ್ಮೆ ಹೈದರಾಬಾದಿಗೆ ಬಂದರು. ಜ್ವರ ಹಿಡಿಯಿತು. ಊರಿಗೆ ಮರಳುವ ದಾರಿಯಲ್ಲಿ, 1876ರ ಮೇ ತಿಂಗಳಲ್ಲಿ, ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡರು. ಅವರ ಆತ್ಮಕಥೆಯನ್ನು ಮರುವರ್ಷ ಮಗಳು ಅಚ್ಚು ಹಾಕಿಸಿದಳು.